ಬಲಗಾಲಿನ ಅಚ್ಚು

ಬೂಟಿನ ಕಾರ್ಖಾನೆಯ ಹೊಲಿಗೆ ಕೋಣೆಯಲ್ಲಿ ಅಂಟಿನ ನಾತ ಎಷ್ಟಿತ್ತೆಂದರೆ, ಒಳಹೊಕ್ಕ ನೊಣ ಹಾರುತ್ತಲೇ ಗಾಳಿಗೆ ಅಂಟಿಕೊಳ್ಳುತ್ತಿತ್ತು. ಅಲ್ಲಿ ತಲೆ ನರೆಯುವಷ್ಟು ಕಾಲ ದಬ್ಬಳ ಹಿಡಿದವಳನ್ನು ಎಲ್ಲರೂ ದಬ್ಬಳದಕ್ಕ ಅನ್ನುತ್ತಿದ್ದರು. ಅವಳ ಬೆರಳಿಗೆ ಮೊಳೆ ಹೊಡೆದರೆ ಮೊಳೆಯೇ ಡೊಂಕಾಗುತ್ತಿತ್ತು. ಬಾಯಿ ಅದಕ್ಕಿಂತ ಗಟ್ಟಿ.

ಆವತ್ತು ಬೆಳಿಗ್ಗೆ ಧಣಿ ಬಂದ. ಮೊದಲು ಹೊಟ್ಟೆ ಬಂತು, ಬಹಳ ಹೊತ್ತಿನ ಮೇಲೆ ಅವನು ಬಂದ.

"ಈ ವಾರದಿಂದ ಕೂಲಿ ಅರ್ಧ."

"ಯಾಕೆ ಧಣಿ? ನಮ್ಮ ಹೊಟ್ಟೆ ಏನಾದ್ರೂ ಅರ್ಧ ಆಯ್ತಾ?" ಎಂದಳು ದಬ್ಬಳದಕ್ಕ.

"ನನ್ನದೇನಿದೆಯಮ್ಮಾ? ಮೊದಲು ನಮ್ಮದೇ ದುಡ್ಡಿತ್ತು. ವ್ಯಾಪಾರ ಬಿದ್ರೆ ಸರ್ಕಾರ ಆ ದುಡ್ಡಿನ ಬೆಲೆ ಇಳಿಸ್ತಿತ್ತು. ನಮ್ಮ ಬೂಟು ಹೊರಗಿನೋರಿಗೆ ಅಗ್ಗ ಆಗ್ತಿತ್ತು. ಈಗ ಹೊಳೆಯಾಚೆ ದೇಶಕ್ಕೂ ನಮಗೂ ಒಂದೇ ದುಡ್ಡು. ಅದರ ಲಗಾಮು ಅವರ ಕೈಲಿ. ಅವರ ವ್ಯಾಪಾರ ಜೋರಾಗಿದೆ, ಅವರ್ಯಾಕೆ ಇಳಿಸ್ತಾರೆ?"

"ಅಂದ್ರೆ, ದುಡ್ಡು ಇಳಿಯಲ್ಲ, ಅದಕ್ಕೆ ನಾವು ಇಳೀಬೇಕು."

"ಜಾಣೆ!"

"ನಿಮ್ಮ ಲಾಭ ಎಷ್ಟಿಳೀತು?"

ಧಣಿಗೆ ಕೆಮ್ಮು ಬಂತು. ಆ ಕೆಮ್ಮಿಗೆ ಕಿಟಕಿಯ ಗಾಜುಗಳು ನಡುಗಿದವು.

"ಹೋಗ್ಲಿ, ನಿಮ್ಮ ವಠಾರದಲ್ಲೇ ಇದ್ದೀವಲ್ಲ, ಬಾಡಿಗೆನಾದ್ರೂ ಅರ್ಧ ಮಾಡ್ತೀರಾ?"

"ಬಾಡಿಗೆ ಮಾತೇ ಬೇರೆ! ಸಂಜೆ ಲಾರಿ ಬರುತ್ತೆ, ಮಾಲು ತುಂಬಿರಬೇಕು. ಇಷ್ಟ ಇಲ್ಲದೋರಿಗೆ ಬಾಗಿಲು ತೆಗೆದಿದೆ."

ಅವನು ಹೋದ ಮೇಲೆ ಪಕ್ಕದಲ್ಲಿದ್ದ ನಾದಿನಿ ಪಿಸುಗುಟ್ಟಿದಳು: "ಅತ್ತಿಗೆ, ಬಾಡಿಗೆ ಕಟ್ಟಿದ್ರೆ ಒಲೆ ಹಚ್ಚೋ ಹಾಗಿಲ್ಲ. ಒಲೆ ಹಚ್ಚಿದ್ರೆ ಅಮ್ಮನ್ನ ಕಟ್ಕೊಂಡು ಬೀದಿಗೆ."

"ಸುಮ್ನೆ ಹೊಲಿ."

ಪಾದದಾಕಾರದ ಮರದ ಅಚ್ಚಿಗೆ ತೊಗಲು ಬಿಗಿದು, ಊಟಕ್ಕೆ ಮೊದಲು ಎಡಗಾಲಿನ ಬೂಟು, ಊಟವಾದ ಮೇಲೆ ಬಲಗಾಲಿನದು ಹೊಲಿಯುವುದು ಆ ಕೋಣೆಯ ಪದ್ಧತಿ. ಊಟದ ಹೊತ್ತಿನಲ್ಲಿ ದಬ್ಬಳದಕ್ಕ ಸಾಲುಸಾಲಿಗೂ ಹೋಗಿ ಏನೋ ಹೇಳಿ ಬಂದಳು. ಆಮೇಲೆ ಎಲ್ಲರೂ ತಲೆ ಎತ್ತದೆ ಹೊಲಿದರು. ಗಾಜಿನಾಚೆಯಿಂದ ನೋಡಿದ ಧಣಿ, "ಅರ್ಧ ಕೂಲಿಗೇ ಇಷ್ಟು ಚುರುಕಾ! ಮೊದಲೇ ಇಳಿಸಬೇಕಿತ್ತು" ಎಂದು ಮೀಸೆ ತಿರುವಿದ.

ಸಂಜೆ ಲಾರಿ ಬಂತು. ಧಣಿ ಒಂದು ಡಬ್ಬ ತೆರೆದ. ಎರಡೂ ಎಡಗಾಲು. ಇನ್ನೊಂದು ತೆರೆದ. ಮತ್ತೆ ಎಡಗಾಲು. ಊರಿಗೆ ಊರೇ ಒಂಟಿಕಾಲಲ್ಲಿ ಕುಣಿಯುವಷ್ಟು ಎಡಗಾಲಿನ ಬೂಟು!

"ಬಲಗಾಲು ಎಲ್ರೇ?"

"ಅರ್ಧ ಕೂಲಿಗೆ ಅರ್ಧ ಜೊತೆ, ಧಣಿ."

"ನಿಮ್ಮನ್ನೆಲ್ಲ ಓಡಿಸಿ, ಬೇರೆಯವರ ಕೈಲಿ ಹೊಲಿಸ್ತೀನಿ!" ಎಂದು ಅರಚುತ್ತಾ ಅಚ್ಚಿನ ಕಪಾಟಿನ ಬಾಗಿಲು ಎಳೆದ. ಬಲಗಾಲಿನ ಅಚ್ಚು ಒಂದೂ ಇರಲಿಲ್ಲ.

ಹೆಂಗಸರು ಎದ್ದು ನಿಂತರು. ಒಬ್ಬೊಬ್ಬಳ ಸೆರಗಿನಿಂದಲೂ ಒಂದೊಂದು ಅಚ್ಚು ಹೊರಬಂತು. ದೊಣ್ಣೆಯ ಹಾಗೆ ಹಿಡಿದದ್ದು ಅಚ್ಚಿನ ತುದಿಯನ್ನು, ಮೇಲಿದ್ದದ್ದು ಹಿಮ್ಮಡಿ.

"ಇಲ್ಲಿವೆ," ಎಂದಳು ದಬ್ಬಳದಕ್ಕ. "ಬಂದು ಇಸ್ಕೊಳ್ಳಿ."

ಧಣಿ ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಡಲಿಲ್ಲ.

ಹೊರಗೆ ಲಾರಿಯವನು, ಇದು ಈಗಲೇ ಮುಗಿಯೋದಲ್ಲ ಅಂದುಕೊಂಡು, ಎಂಜಿನ್ ಆರಿಸಿದ.