ಕುದುರೆಯ ಕೊರಳಿಗೆ ಕಟ್ಟಿದ ಚುಕ್ಕಿಗಳು

ಅಂದು ಮಧ್ಯಾಹ್ನ ಸಂಧ್ಯಾರಾಣಿ ನೆಮ್ಮದಿಯಾಗಿ ಊಟ ಮಾಡಿದ್ದಳು. ಫೋನು ಒಮ್ಮೆಯೂ ಬಡಿದುಕೊಂಡಿರಲಿಲ್ಲ. ಚನ್ನಗಿರಿಯ ಕಾಲೇಜಿನಲ್ಲಿ ಪಾಠ ಹೇಳುವ ಅವಳು, ಜಗಳೂರು ಕಡೆಯ ಕುರಿಗಾಹಿಗಳಿಗಾಗಿ ಒಂದು ವ್ಯವಸ್ಥೆ ಕಟ್ಟಿದ್ದಳು. ಇರುವ ಜಾಗ ತಿಳಿಸುವ ಬಿಲ್ಲೆ ಕುರಿಯ ಕೊರಳಿಗೊಂದು, ಕಾಯುವವನ ಕೋಲಿಗೊಂದು. ಒಂದರ ಸುದ್ದಿಯನ್ನು ಇನ್ನೊಂದು ದಾಟಿಸಿ, ಕೊನೆಗೆ ಎಲ್ಲವೂ ಫೋನಿನ ಮೇಲೆ ಚುಕ್ಕಿಗಳಾಗಿ ಕಾಣುತ್ತಿದ್ದವು. ಒಂದು ಹಿಂದೆ ಬಿದ್ದರೂ ಗುಂಪಿನವರ ಫೋನುಗಳೆಲ್ಲ ಕೂಗಬೇಕು. ಇಲ್ಲದಿದ್ದರೆ ಸಂಜೆಗೆ ಒಂದೇ ಸಂದೇಶ: 'ಎಲ್ಲರೂ ಒಟ್ಟಿಗಿದ್ದಾರೆ.'

ಆದರೆ ಈದ ಕುರಿಗಳನ್ನು ಮರಿಗಳ ಜೊತೆ ಬಿಡಾರದಲ್ಲೇ ಬಿಟ್ಟು ಹಿಂಡು ಮೇಯಲು ಹೋಗುತ್ತದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಬಾಣಂತಿ ಕುರಿಗಳೆಲ್ಲ ಕಳೆದುಹೋದವೆಂದು ಫೋನು ದಿನವೂ ಅರಚುತ್ತಿತ್ತು. ನಿನ್ನೆ ತಟ್ಟೆಯ ಮುಂದೆ ಕೂತಾಗ ತಲೆಕೆಟ್ಟು, "ಏನ್ರೀ ಮರುಳಸಿದ್ದಪ್ಪ, ನಿಮ್ಮ ಕುರಿ ನನಗೆ ಉಣ್ಣಾಕೂ ಬಿಡಲ್ವಲ್ಲ!" ಎಂದು ರೇಗಿದ್ದಳು. ಅವನು ಪಾಪ, "ತಪ್ಪಾತ್ರೀ ಮೇಡಂ" ಎಂದಿದ್ದ.

ಈಗ ಅವನ ಹೆಂಡತಿ ಚೌಡಮ್ಮ ಹೊನ್ನಾಳಿಯಿಂದ ಫೋನು ಮಾಡಿದಳು. ಕುರಿ ಔಷಧಿ ತರಲೆಂದು ಬೆಳಿಗ್ಗೆಯೇ ಬಂದವಳು, ಸೇತುವೆ ಮೇಲಿಂದ ಹೊಳೆ ನೋಡಿ ಹೆದರಿದ್ದಳು.

"ಕೆಂಪು ನೀರು ಏರಾಕತ್ತೈತೆ ಮೇಡಂ. ನಮ್ಮನೆಯೋರು ಹೊಳೆ ನಡುವಿನ ದಿಬ್ಬಕ್ಕೆ ಕುರಿ ಹೊಡ್ಕಂಡು ಹೋಗ್ತೀನಿ ಅಂದಿದ್ರು. ಫೋನ್ ಹತ್ತವಲ್ದು. ತೆಪ್ಪದೋರಿಗೆ ಹೇಳ್ಲಾ?"

ಸಂಧ್ಯಾರಾಣಿ ಫೋನು ನೋಡಿದಳು. ಚುಕ್ಕಿಗಳೆಲ್ಲ ಗೋವಿನಕೋವಿಯ ಹೊಲದಲ್ಲಿ, ಬಿಡಾರದ ಹತ್ತಿರವೇ ಇದ್ದವು. ಕೋಲಿನ ಚುಕ್ಕಿಯೂ ಅಲ್ಲೇ.

"ಯಾರಿಗೂ ಹೇಳೋದು ಬ್ಯಾಡ್ರೀ. ಅವರು ದಿಬ್ಬಕ್ಕೆ ಹೋಗೇ ಇಲ್ಲ. ನಿಧಾನಕ್ಕೆ ಬಸ್ ಹತ್ತಿ ಬರ್ರಿ."

ತಾನು ಕಟ್ಟಿದ್ದು ಒಬ್ಬ ಹೆಂಗಸಿನ ದಿಗಿಲು ಕಳೆಯಿತಲ್ಲ ಎಂದು ಅವಳಿಗೆ ಹೆಮ್ಮೆಯೂ ಆಯಿತು.

ಚೌಡಮ್ಮನ ಎರಡನೆಯ ಕರೆಯಲ್ಲಿ ಅಳು ಬಿಟ್ಟರೆ ಮಾತಿರಲಿಲ್ಲ. ಸಂಧ್ಯಾರಾಣಿ ಗೋವಿನಕೋವಿ ಮುಟ್ಟುವಷ್ಟರಲ್ಲಿ ಮರುಳಸಿದ್ದಪ್ಪನನ್ನು ದಡಕ್ಕೆ ತಂದು, ಅವನದೇ ಕಂಬಳಿಯನ್ನು ಮುಖದ ಮೇಲೂ ಹೊದಿಸಿದ್ದರು. ದಿಬ್ಬವೂ ಕಾಣುತ್ತಿರಲಿಲ್ಲ, ಹಿಂಡೂ ಇರಲಿಲ್ಲ. ತೆಪ್ಪದವನೊಬ್ಬ, "ಸ್ವಲ್ಪ ಮೊದ್ಲು ಹೇಳಿದ್ರೆ..." ಎಂದು ಶುರು ಮಾಡಿ ಚೌಡಮ್ಮನ ಮುಖ ನೋಡಿ ತೆಪ್ಪದ ಕಡೆ ತಿರುಗಿದ.

ಬಿಡಾರದ ಹತ್ತಿರ ಸಾಮಾನು ಹೊರುವ ಕುದುರೆ ಹುಲ್ಲು ಮೇಯುತ್ತಿತ್ತು. ಅದರ ಕೊರಳಲ್ಲಿ ಕುರಿಗಳಿಂದ ಬಿಚ್ಚಿದ ಬಿಲ್ಲೆಗಳ ದೊಡ್ಡ ಸರ. ಕೋಲಿನದೂ ಅದರಲ್ಲೇ ಇತ್ತು.

"ನಿನ್ನೆ ರಾತ್ರಿ ಅಂದ್ರು," ಎಂದಳು ಚೌಡಮ್ಮ. "ನಾಳಿಂದ ಮೇಡಂ ನೆಮ್ಮದಿಯಾಗಿ ಉಣ್ಲಿ, ಅದಕ್ಕೊಂದು ದಾರಿ ಮಾಡ್ತೀನಿ ಅಂತ. ಏನ್ ದಾರಿ ಅಂತ ನಾ ಕೇಳ್ಲಿಲ್ಲ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊತ್ತು ಮುಳುಗಿತು. ಇಬ್ಬರ ಫೋನುಗಳೂ ಒಟ್ಟಿಗೇ ಸದ್ದು ಮಾಡಿದವು. ಓದಲು ಬಾರದ ಚೌಡಮ್ಮ, ಸಂದೇಶ ಬಂದಾಗಲೆಲ್ಲ ಗಂಡನಿಂದ ಓದಿಸಿಕೊಳ್ಳುತ್ತಿದ್ದಳು. ಇಂದು ಫೋನನ್ನು ಸಂಧ್ಯಾರಾಣಿಯ ಕಡೆ ಚಾಚಿದಳು.

"ಏನಂತ ಬಂದೈತೆ ಮೇಡಂ?"

ಪರದೆಯ ಮೇಲೆ ಒಂದೇ ಸಾಲಿತ್ತು: 'ಎಲ್ಲರೂ ಒಟ್ಟಿಗಿದ್ದಾರೆ.'