ಒಂದು ಬೆರಳು ವಾಲಿದ ಗೋಡೆ

ನಾನು ಒಂದು ತೂಗುಗುಂಡು. ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡಲು ಗೌಂಡಿಗಳು ದಾರಕ್ಕೆ ಕಟ್ಟಿ ಇಳಿಬಿಡುತ್ತಾರಲ್ಲ, ಆ ಹಿತ್ತಾಳೆಯ ಗುಂಡು. ತಲೆ ದಪ್ಪ, ಬುಡ ಚೂಪು. ನೋಡಿದವರು ಗಜ್ಜರಿ ಅನ್ನುತ್ತಾರೆ. ಅನ್ನಲಿ. ಗಜ್ಜರಿಯನ್ನು ನಂಬಿ ಯಾರೂ ಮಹಡಿ ಮನೆ ಕಟ್ಟಿಲ್ಲ.

ನಾನು ಹುಟ್ಟಿದ್ದು ಗದಗಿನಲ್ಲಿ, ಒಬ್ಬ ಕಂಚಗಾರನ ಕುಲುಮೆಯಲ್ಲಿ. ಒಡೆದ ಗಂಟೆಯೊಂದು, ತೂತು ಬಿದ್ದ ತಂಬಿಗೆಯೊಂದು ಕರಗಿ ನಾನಾದೆ. ಅಚ್ಚಿಗೆ ಹೊಯ್ದಾಗ ನಾನು ಮಾಡಿದ ಮೊದಲ ಕೆಲಸ ಕೆಳಗೆ ಇಳಿದದ್ದು. ಅಂದಿನಿಂದ ಬೇರೆ ಕೆಲಸ ಮಾಡಿಲ್ಲ. ಭೂಮಿ ತನ್ನ ನಡುಮಧ್ಯಕ್ಕೆ ಕರೆಯುತ್ತದೆ, ನಾನು ಹೂಂ ಎಂದು ದಾರ ಬಿಗಿದು ನಿಲ್ಲುತ್ತೇನೆ. ಅದರಲ್ಲಿ ನನಗೆ ಎಂದೂ ಬೇಸರವಾಗಿಲ್ಲ.

ನನ್ನನ್ನು ಕೊಂಡವರು ಗೌಂಡಿ ದಾವಲಸಾಬರು. ಅವರೇ ನನಗೊಂದು ಜೋಡಿ ಮಾಡಿಸಿದರು: ನಡುವೆ ತೂತಿರುವ ಮಾವಿನ ಕಟ್ಟಿಗೆಯ ಚೌಕ ತುಂಡು. ನನ್ನ ದಾರ ಅದರ ತೂತಿನಲ್ಲಿ ಹಾದು ಬರುತ್ತದೆ. ಅದರ ಅಗಲವೂ ನನ್ನ ತಲೆಯ ಅಗಲವೂ ಒಂದೇ. ಕಟ್ಟಿಗೆಯನ್ನು ಗೋಡೆಯ ಮೇಲ್ತುದಿಗೆ ಒತ್ತಿ ಹಿಡಿದರೆ ಕೆಳಗೆ ನಾನು ಗೋಡೆಯನ್ನು ಮುಟ್ಟಿಯೂ ಮುಟ್ಟದಂತೆ ನಿಲ್ಲಬೇಕು. ಹಾಗೆ ನಿಂತರೆ ಗೋಡೆ ನೆಟ್ಟಗಿದೆ ಎಂದರ್ಥ. ದಿನಾ ಮುಂಜಾನೆ ದಾವಲಸಾಬರು ನಮ್ಮಿಬ್ಬರನ್ನೂ ಕಲ್ಲಿನ ಮೇಲೆ ಪಕ್ಕಪಕ್ಕ ಇಟ್ಟು, ಅಗಲ ಸರಿಯಾಗಿದೆಯೇ ಎಂದು ಹೆಬ್ಬೆರಳಿನಿಂದ ಸವರಿ ನೋಡುವರು. ಆಮೇಲೆಯೇ ಚಹಾ.

ಒಂದು ಮಳೆಗಾಲ ಮಾತ್ರ ಈ ಪದ್ಧತಿ ತಪ್ಪಿತು. ಆಗ ಅವರು ವಕೀಲರೊಬ್ಬರ ಮಹಡಿ ಮನೆ ಕಟ್ಟುತ್ತಿದ್ದರು. ಅದೇ ಹೊತ್ತಿಗೆ ಅವರ ಸ್ವಂತ ಮನೆಯಲ್ಲಿ ಮೊದಲ ಮೊಮ್ಮಗ ಹುಟ್ಟಿದ್ದ. ದಾವಲಸಾಬರ ಕಾಲು ನೆಲದ ಮೇಲೆ ಇರಲಿಲ್ಲ. ಬೆಳಗಾದರೆ ಪೇಡೆ ಹಂಚುವುದೇ ಕೆಲಸ. ಇತ್ತ ಜಡಿಮಳೆಗೆ ನನ್ನ ಜೋಡಿ ನೀರು ಕುಡಿದು ಎಳ್ಳುಕಾಳಿನಷ್ಟು ಉಬ್ಬಿತ್ತು. ಮೂರು ಮೂರು ಅಡಿಗೆ ಒಂದು ಎಳ್ಳಿನಷ್ಟು ತಪ್ಪಿ, ಮಹಡಿ ಮುಗಿಯುವ ಹೊತ್ತಿಗೆ, ಒಳಬದಿಯಿಂದ ತೂಗುತ್ತಿದ್ದ ಗೋಡೆ ಒಂದು ಬೆರಳು ಹೊರಕ್ಕೆ ವಾಲಿತು. ಯಾರಿಗೂ ಕಾಣಲಿಲ್ಲ. ನನಗೆ ಗೊತ್ತಿತ್ತು, ಆದರೆ ಬಾಯಿಲ್ಲ. ಬಿಸಿಲು ಬಿದ್ದ ಮೇಲೆ ಕಟ್ಟಿಗೆ ಒಣಗಿ ಏನೂ ಅರಿಯದ ಹಾಗೆ ಮೊದಲಿನಂತಾಯಿತು. ಆ ಮನೆಯೇ ದಾವಲಸಾಬರ ಹೆಸರನ್ನು ಊರಲ್ಲೆಲ್ಲ ಎತ್ತಿ ಹಿಡಿದದ್ದು ಒಂದು ತಮಾಷೆ.

ಅವರ ಕೈಕೆಳಗೆ ಗಾರೆಯ ಬುಟ್ಟಿ ಹೊರುತ್ತಿದ್ದವಳು ನೀಲವ್ವ. ಹನ್ನೊಂದು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಏಣಿ ಹತ್ತಿದವಳಿಗೆ ನೆಟ್ಟಗೆ ಅಂದರೇನು ಎಂದು ಹೇಳಿಕೊಡಬೇಕೇ? ಅವಳ ಕತ್ತಿಗೇ ಅದು ಗೊತ್ತು. ಊಟದ ಬಿಡುವಿನಲ್ಲಿ ಅವಳು ಒಂದೆರಡು ಇಟ್ಟಿಗೆ ಇಡುವುದನ್ನು ನೋಡಿ ದಾವಲಸಾಬರು ಗಾರೆ ಮೆತ್ತುವ ಕರಣಿ ಕೊಟ್ಟರು. ಮೊದಲ ಸಲ ಮಹಡಿಯ ಗೋಡೆಯ ತುದಿಯಲ್ಲಿ ಕರಣಿ ಹಿಡಿದು ಕೂತು ಅವಳು ಕೆಳಗೆ ನೋಡಿ ಅಂಜಿದಾಗ ಹೇಳಿದರು:

"ಭೂಮಿ ಎಳಿತೈತಿ ಅಂತ ಅಂಜಬ್ಯಾಡ ಮಗಳ. ಅದು ಎಳಿತೈತಿ ಅಂತನ ಗ್ವಾಡಿ ನಿಂತೈತಿ."

ವಯಸ್ಸಾಗಿ ಕೈ ನಡುಗತೊಡಗಿದ ದಿನ ಅವರು ನನ್ನನ್ನೂ ಜೋಡಿಯನ್ನೂ ನೀಲವ್ವನ ಅಂಗೈಯಲ್ಲಿಟ್ಟರು.

ಗೌಂಡಿಯಾಗಿ ಅವಳು ಹಿಡಿದ ಮೊದಲ ಮನೆ ಅಂದಾನಪ್ಪ ಮಾಸ್ತರರದು. ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ಜಾಗ ಸಿಕ್ಕಿದ್ದು ಆ ವಕೀಲರ ಮನೆಯ ಪಕ್ಕದಲ್ಲೇ. ಎರಡು ಗೋಡೆಗಳ ನಡುವೆ ಐದು ಬೆರಳು ಸಂದು. ನೀಲವ್ವ ದಿನಾ ಮುಂಜಾನೆ ನಮ್ಮಿಬ್ಬರ ಅಗಲ ನೋಡಿಯೇ ಕೆಲಸ ಶುರು ಮಾಡಿದಳು. ಗೋಡೆ ನೂಲು ಹಿಡಿದ ಹಾಗೆ ಎದ್ದಿತು. ಮಹಡಿ ಮುಗಿದ ದಿನ ಮಾಸ್ತರರು ಬೀದಿಯಲ್ಲಿ ನಿಂತು ಕತ್ತೆತ್ತಿದರು. ಸಂದು ಮೇಲೆ ಹೋದಂತೆ ಕಿರಿದಾಗಿತ್ತು!

"ನೀಲವ್ವಾ, ನಿನ್ನ ಗ್ವಾಡಿ ಆ ಕಡೆ ವಾಲೈತಲ್ಲ!"

"ಇಲ್ರೀ ಮಾಸ್ತರ್ರ, ಗುಂಡು ಬಿಟ್ಟು ತೂಗೇನಿ."

"ಮತ್ತ ದಾವಲಸಾಬರ ಗ್ವಾಡಿ ವಾಲಿರತೈತೇನು? ನನಗ ಕಣ್ಣಿಲ್ಲೇನು?"

ಓಣಿಯ ಜನವೆಲ್ಲ ಸೇರಿ ಕತ್ತು ಓರೆ ಮಾಡಿ ನೋಡಿತು. ಹೆಣ್ಣುಮಕ್ಕಳ ಕೈಗೆ ಗುಂಡು ಕೊಟ್ಟರೆ ಇನ್ನೇನಾಗುತ್ತದೆ ಎಂದು ಬೇರೆ ಗೌಂಡಿಗಳು ಮೀಸೆಯಲ್ಲೇ ನಕ್ಕರು. ಸೋಮವಾರದೊಳಗೆ ಗೋಡೆ ಕೆಡವಿ ಕಟ್ಟಬೇಕು, ಇಲ್ಲವಾದರೆ ಬೇರೆ ಗೌಂಡಿ ಬರುತ್ತಾನೆ ಎಂದರು ಮಾಸ್ತರರು. ಎರಡರಲ್ಲಿ ಯಾವುದಾದರೂ ನೀಲವ್ವನಿಗೆ ಮತ್ತೆ ಯಾರೂ ಕೆಲಸ ಕೊಡುತ್ತಿರಲಿಲ್ಲ. ತಲೆಗೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ, ಅಷ್ಟೇ.

ಎಲ್ಲರೂ ಹೋದ ಮೇಲೆ ಅವಳು ತನ್ನ ಗೋಡೆಯನ್ನು ಮೂರು ಸಲ ತೂಗಿದಳು. ಮೂರು ಸಲವೂ ನಾನು ಕೂದಲಿನಷ್ಟೂ ಕದಲದೆ ನಿಂತೆ. ಆಮೇಲೆ ನನ್ನನ್ನು ಹಿಡಿದು ಪಕ್ಕದ ಗೋಡೆಯತ್ತ ಕೈಚಾಚಿದಳು. ಚಾಚಿದ ಕೈ ಹಾಗೆಯೇ ಹಿಂದಕ್ಕೆ ಬಂತು. "ಬ್ಯಾಡ," ಎಂದು ನನ್ನನ್ನು ಚೀಲದಲ್ಲಿ ಹಾಕಿದಳು. ಗುರುವಿನ ತಪ್ಪನ್ನು ತೂಗಲು ಅವಳಿಗೆ ಮನಸ್ಸಾಗಲಿಲ್ಲ. ನನಗೆ ಎಂಥ ಸಿಟ್ಟು ಬಂತೆಂದರೆ, ಕೈಕಾಲಿದ್ದರೆ ನಾನೇ ಹೋಗಿ ಆ ಗೋಡೆಗೆ ನೇತಾಡುತ್ತಿದ್ದೆ.

ಸೋಮವಾರ ಮಾಸ್ತರರ, ಓಣಿಯ ಜನರ ಎದುರು ಅವಳು ಸುತ್ತಿಗೆ ಹಿಡಿದು ನಿಂತಿದ್ದಾಗ ದಾವಲಸಾಬರು ಮೊಮ್ಮಗನ ಹೆಗಲು ಹಿಡಿದು ಬಂದರು. ಸುದ್ದಿ ಕಿವಿಗೆ ಬಿದ್ದಿತ್ತು.

"ನಿನ್ನ ಗ್ವಾಡಿ ತೂಗಿದ್ಯಾ?"

"ತೂಗಿನಿ ಕಾಕಾ. ನೆಟ್ಟಗೈತಿ."

"ಮತ್ತ ನಂದು?"

ನೀಲವ್ವ ಗುಂಡಿನ ಚೀಲವನ್ನು ಬೆನ್ನ ಹಿಂದೆ ಸರಿಸಿದಳು. ದಾವಲಸಾಬರು ಕೈಚಾಚಿ, "ಹುಚ್ಚಿ, ಗುಂಡು ಇಲ್ಲಿ ತಾ," ಎಂದರು.

ಒಂದೊಂದೇ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋದರು. ಎರಡು ಗೋಡೆಗಳ ನಡುವೆ ನನ್ನನ್ನು ಇಳಿಬಿಟ್ಟರು. ಅವರ ಕೈ ಗಡಗಡ ನಡುಗುತ್ತಿತ್ತು, ದಾರದ ಮೇಲ್ತುದಿಯೂ ನಡುಗಿತು. ಆದರೆ ಹದಿನೆಂಟು ಅಡಿ ಕೆಳಗೆ ಆ ನಡುಕ ನನ್ನವರೆಗೆ ಬರಲಿಲ್ಲ. ಭೂಮಿ ನನ್ನನ್ನು ಅಷ್ಟು ಗಟ್ಟಿಯಾಗಿ ಹಿಡಿದಿತ್ತು. ನಾನು ಎರಡು ಸಲ ತೂಗಾಡಿ ಸುಮ್ಮನೆ ನಿಂತೆ.

ಮೇಲೆ ದಾರದಿಂದ ನೀಲವ್ವನ ಗೋಡೆಗೆ ಎರಡು ಬೆರಳು, ದಾವಲಸಾಬರ ಗೋಡೆಗೂ ಎರಡು ಬೆರಳು. ಕೆಳಗೆ ಮಾಸ್ತರರು ಮೊಣಕಾಲೂರಿ ಬೆರಳಿಟ್ಟು ಅಳೆದರು. ನೀಲವ್ವನ ಗೋಡೆಗೆ ಎರಡು. ಪಕ್ಕದ ಗೋಡೆಗೆ ಮೂರು. ಮತ್ತೊಮ್ಮೆ ಅಳೆದರು. ಮೂರೇ.

ಮೂರು ಎಂದು ಮೇಲಕ್ಕೆ ಕೂಗಿ ಹೇಳಿದರು. ಮೇಲಿನಿಂದ ದಾವಲಸಾಬರು ನಗುವುದು ಕೇಳಿಸಿತು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಈ ಮಗಾ ಹುಟ್ಟಿದ ಮಳಿಗಾಲ! ಪೇಡೆ ಹಂಚಕೋತ ಕಟಗಿ ನೋಡೂದ ಮರತೆ! ನಂದ ವಾಲೈತ್ರೋ, ಅಕೀದು ನೆಟ್ಟಗೈತಿ! ಎಲ್ಲಾರೂ ಕೇಳ್ರಿ!"

ವಕೀಲರು ಗಾಬರಿಯಾಗಿ ಮನೆ ಬೀಳುತ್ತದೆಯೇ ಎಂದು ಕೇಳಿದರು. ಭಾರವೆಲ್ಲ ಇನ್ನೂ ಬುನಾದಿಯ ಮೇಲೆಯೇ ಇಳಿಯುತ್ತಿದೆ, ಒಂದು ಬೆರಳಿಗೆ ಏನೂ ಆಗುವುದಿಲ್ಲ ಎಂದು ನೀಲವ್ವ ಗೌಂಡಿಯ ಗತ್ತಿನಲ್ಲಿ ಹೇಳಿದಳು. ಹೇಳುತ್ತಲೇ ಅಳುತ್ತಿದ್ದಳು. ಮಾಸ್ತರರು ಮೊಣಕಾಲಿನ ಮಣ್ಣು ಕೊಡವಿ ಅವಳಿಗೆ ಕೈಮುಗಿದರು.

"ಇಪ್ಪತ್ತು ವರ್ಷ ಗುರುತ್ವಾಕರ್ಷಣೆ ಕಲಿಸೀನವ್ವ. ಒಂದು ದಾರ ಇಳಿಬಿಡಾಕ ನನಗ ಹೊಳೀಲಿಲ್ಲ ನೋಡು."

ಮರುವಾರ ಅವರು ತಮ್ಮ ತರಗತಿಯನ್ನೇ ಆ ಸಂದಿನ ಮುಂದೆ ಕರೆತಂದು ನನ್ನನ್ನು ತೋರಿಸಿದರು. ಈ ಗುಂಡನ್ನು ಕೆಳಗೆ ಕರೆಯುವ ಎಳೆತವೇ ಚಂದ್ರನನ್ನು ನಮ್ಮ ಸುತ್ತ ತಿರುಗಿಸುತ್ತದೆ, ಆಕಾಶದ ಧೂಳನ್ನು ಉಂಡೆ ಕಟ್ಟಿ ನಕ್ಷತ್ರ ಮಾಡುತ್ತದೆ, ಕೊಡದ ನೀರನ್ನು ಲೋಟಕ್ಕೆ ಇಳಿಸುತ್ತದೆ ಎಂದರು. ನಾನು ಉಬ್ಬಿಹೋದೆ. ಪುಣ್ಯಕ್ಕೆ ಹಿತ್ತಾಳೆ ಕಟ್ಟಿಗೆಯ ಹಾಗೆ ನಿಜವಾಗಿ ಉಬ್ಬುವುದಿಲ್ಲ.

ಆಮೇಲೆ ನೀಲವ್ವ ಕಟ್ಟಿದ ಮನೆಗಳು ಎಷ್ಟೋ. ದಾವಲಸಾಬರು ಕೊನೆಯವರೆಗೂ ಸಂಜೆ ಆ ವಾಲಿದ ಗೋಡೆಯ ಕಟ್ಟೆಯ ಮೇಲೆ ಕೂತು, ಬಂದವರಿಗೆಲ್ಲ ತಮ್ಮ ತಪ್ಪನ್ನೂ ಶಿಷ್ಯಳ ಗೋಡೆಯನ್ನೂ ಒಟ್ಟಿಗೆ ತೋರಿಸುತ್ತಿದ್ದರು.

ಈಗ ನೀಲವ್ವನ ಮಗ ಗೋಡೆಯ ಮೇಲೆ ಕೆಂಪು ಗೆರೆ ಎಳೆಯುವ ಲೇಸರ್ ಇಟ್ಟುಕೊಂಡಿದ್ದಾನೆ. ಅದೂ ನೆಟ್ಟಗೆ ನಿಲ್ಲಲು ಒಳಗೊಂದು ಪುಟ್ಟ ಗುಂಡು ತೂಗುತ್ತದಂತೆ. ಕೇಳಿ ನನಗೆ ನಗು ಬಂತು. ನಾನು ನೀಲವ್ವನ ಪಡಸಾಲೆಯ ಮೊಳೆಯಲ್ಲಿ ಜೋಡಿಯೊಂದಿಗೆ ತೂಗುತ್ತಿದ್ದೇನೆ. ಮಳೆಗಾಲಕ್ಕೆ ಮೊದಲು ಅವಳು ಕಟ್ಟಿಗೆಗೆ ಎಣ್ಣೆ ಸವರುತ್ತಾಳೆ.

ನಿನ್ನೆ ವರ್ಷ ತುಂಬದ ಮೊಮ್ಮಗಳು ನನ್ನ ದಾರ ಹಿಡಿದು ಎದ್ದಳು. ದಾರ ಆಸರೆಯಾಗುವುದಿಲ್ಲ, ಅವಳ ಜೊತೆ ನಾನೂ ಓಲಾಡಿದೆ. ಕೂಸು ಕೈಬಿಟ್ಟು ಒಂದು ಕ್ಷಣ ತಾನೇ ನಿಂತಿತು, ನೆಟ್ಟಗೆ, ನನ್ನ ಪಕ್ಕದಲ್ಲೇ. ಆಮೇಲೆ ಧೊಪ್ಪನೆ ಕುಂಡೆಯೂರಿ ಬಿದ್ದು, ಅಳಬೇಕೋ ಬೇಡವೋ ಎಂದು ಅಜ್ಜಿಯ ಮುಖ ನೋಡಿತು.

"ಭೂಮಿ ಎಳಿತೈತಿ ಅಂತ ಅಂಜಬ್ಯಾಡ ಮಗಳ," ಎಂದಳು ನೀಲವ್ವ, ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟುತ್ತಲೇ. "ಏಳು."

ಕೂಸು ಎದ್ದಿತು.