ಹ್ಞೂಂಗುಟ್ಟುವವಳು

ಬೆರಳು ಮತ್ತೆ ಅಲ್ಲಿಗೇ ಬಂದು ನಿಂತಿತು, ಅಕ್ಕನ ಬಲಗೈಯ ತೋರುಬೆರಳು, ಕೀಬೋರ್ಡಿನ ನಡುಸಾಲಿನ ಆ ಒಂದು ಕೀಯ ಮೇಲಿರುವ ಪುಟ್ಟ ಉಬ್ಬುಗೆರೆಯ ಮೇಲೆ — ಕಣ್ಣಿದ್ದವರು ಯಾರೂ ಗಮನಿಸದ ಗೆರೆ, ನಾನೂ ಹದಿನೆಂಟು ವರ್ಷ ಅದರ ಮೇಲೆ ಬೆರಳಾಡಿಸಿಯೇ ಸಂಬಳ ತೆಗೆದುಕೊಂಡವಳು, ಅದೊಂದು ಅಲ್ಲಿದೆ ಎಂದು ಗೊತ್ತಾದದ್ದು ಅಕ್ಕನ ಕಣ್ಣು ಹೋದ ಮೇಲೆ, ಪುಟ್ಟೀ ಇಲ್ಲಿ ಮುಟ್ಟಿ ನೋಡು, ಕೈ ಎಲ್ಲೇ ಅಲೆದ್ರೂ ಇಲ್ಲಿಗೆ ಬಂದ್ರೆ ದಾರಿ ಸಿಗುತ್ತೆ ಅಂದಿದ್ದಳು, ನಗುತ್ತಲೇ ಅಂದಿದ್ದಳು, ನನಗೆ ನಗು ಬಂದಿರಲಿಲ್ಲ. ಗಾಜಿನ ಗೋಡೆಯಾಚೆ ಅವಳು, ಈಚೆ ನನ್ನ ಮೇಜಿನಲ್ಲಿ ನಾನು, ನಡುವೆ ಹನ್ನೆರಡು ಹೆಜ್ಜೆ, ಸರಿಯಾಗಿ ಮುಚ್ಚಿಕೊಳ್ಳದ ಒಂದು ಬಾಗಿಲು. ಅವಳೆದುರು ಮೂವರು — ನಮ್ಮ ಮ್ಯಾನೇಜರು, ಏನು ಹೇಳಿದರೂ ಆಯ್ತಾಯ್ತು ಅಂದು ಏನನ್ನೂ ಮಾಡದ ಮನುಷ್ಯ, ಅವರ ಹೆಸರೇ ಆಯ್ತಾಯ್ತು ಆಗಿಹೋಗಿದೆ. ಸಿಬ್ಬಂದಿ ವಿಭಾಗದ ಹೆಂಗಸು. ಮೇಲಿನ ಮಹಡಿಯಿಂದ ಇಳಿದು ಬಂದ ಕನ್ನಡಕದವರು. ಕೆಟ್ಟುಹೋದ ಪ್ರೋಗ್ರಾಂ ಒಂದನ್ನು ಕೊಟ್ಟಿದ್ದಾರೆ, ಹನ್ನೊಂದಕ್ಕೆ ಶುರು, ಮುಕ್ಕಾಲು ಗಂಟೆಯಲ್ಲಿ ಸರಿಮಾಡಬೇಕು, ಮಾಡಿದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಗೌರವದಿಂದ ಬೀಳ್ಕೊಡುತ್ತಾರಂತೆ, ಗೌರವ ಎನ್ನುವ ಮಾತು ಕಂಪನಿ ಕಳಿಸಿದ ಪತ್ರದಲ್ಲಿ ಎರಡು ಸಲ ಇತ್ತು, ಓದಿ ಹೇಳಿದವಳು ನಾನೇ. ಇಪ್ಪತ್ತೆರಡು ವರ್ಷ ದುಡಿದವಳಿಗೆ ಪರೀಕ್ಷೆ! ಯಾಕೆಂದರೆ ಕಾಫಿ ಮಿಷಿನ್ನಿನ ಪಕ್ಕ ನಿಂತು ಯಾರೋ ಅಂದರು, ಅವರದೇನಿದೆ ಬಿಡ್ರಿ, ಎಲ್ಲಾ ತಂಗಿ ಮಾಡಿಕೊಡ್ತಾರೆ — ಆ ಮಾತು ಮಹಡಿ ಹತ್ತಿತು, ಪತ್ರವಾಗಿ ಇಳಿಯಿತು. ಬೆಳಗ್ಗೆ ಲಿಫ್ಟಿನಲ್ಲಿ ನನ್ನ ಮೊಣಕೈ ಹಿಡಿದು ಹೇಳಿದಳು, ಏನೇ ಆಗ್ಲಿ ನೀನು ಒಳಗೆ ಬರ್ಕೂಡದು, ನೀನು ಬಂದ್ರೆ ಅವರು ಅಂದಿದ್ದೇ ನಿಜ ಆಗುತ್ತೆ, ತಿಳೀತಾ? ಹ್ಞೂಂ ಅಂದೆ.

ವಾಚಾಳಿ ಮಾತಾಡುತ್ತಿಲ್ಲ. ಐದು ನಿಮಿಷದಿಂದ ಕಿವಿ ಅತ್ತಲೇ ಇಟ್ಟುಕೊಂಡು ಕೂತಿದ್ದೇನೆ, ಬಾಗಿಲ ಸಂದಿಯಿಂದ ಕೀಗಳ ಟಕಟಕ ಬರುತ್ತಿದೆ, ಸಾಲುಗಳನ್ನು ಗಟ್ಟಿಯಾಗಿ ಓದುವ ಆ ಮಾಮೂಲಿ ಸಾಫ್ಟ್‌ವೇರಿನ ಒಣದನಿಯೂ ಬರುತ್ತಿದೆ, ವಾಚಾಳಿ ಮಾತ್ರ ಇಲ್ಲ. ಒಣದನಿಯದು ಬರೆದದ್ದನ್ನು ಓದುವಷ್ಟೇ ಬುದ್ಧಿ, ಬರೆದದ್ದರಲ್ಲಿ ತಪ್ಪಿದೆ ಎಂದು ಎಡಿಟರು, ಅಂದರೆ ನಾವು ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರು, ಕೆಂಪು ಗೆರೆ ಎಳೆದರೆ ಅದಕ್ಕೆ ಕಾಣುವುದಿಲ್ಲ, ನಾವು ಕೆಲಸ ಮಾಡುವುದು ಬ್ರೌಸರಿನೊಳಗೆ, ಫೈಲು ಎಲ್ಲೋ, ಮಿಷಿನ್ನು ಎಲ್ಲೋ, ಕ್ಲೌಡು, ಎಲ್ಲರಿಗೂ ಅನುಕೂಲ ಅಂತ ತಂದದ್ದು, ಅಕ್ಕನಿಗೆ ಮಾತ್ರ ಅನನುಕೂಲ. ಅದಕ್ಕೇ ನಾನು ಆ ಎಡಿಟರಿಗೆ ಒಂದು ಎಕ್ಸ್‌ಟೆನ್ಷನ್, ಜೊತೆಗೆ ಅಂಟಿಸುವ ಪುಟ್ಟ ಪ್ರೋಗ್ರಾಂ, ಬರೆದೆ, ಎರಡು ವರ್ಷದ ಹಿಂದೆ, ರಜೆ ಹಾಕಿ ಬರೆದೆ, ಫೈಲು ಸೇವ್ ಮಾಡಿದ ತಕ್ಷಣ ಯಾವ ಸಾಲಿನಲ್ಲಿ ಏನು ತಪ್ಪು ಎಂದು ಮಿಷಿನ್ನಿನ ದನಿಯಲ್ಲಿ ಕಿವಿಗೆ ಹೇಳುತ್ತದೆ, ವಾಚಾಳಿ ಎಂದು ಹೆಸರಿಟ್ಟವಳು ಅಕ್ಕ, ಚಿಕ್ಕಂದಿನಲ್ಲಿ ನನ್ನನ್ನು ಹಾಗೇ ಬೈಯುತ್ತಿದ್ದಳು. ಅಂಗಡಿಗೆ ಹಾಕಿದೆ — ಅಂಗಡಿಯೆಂದರೆ ಆ ಎಡಿಟರಿನ ಎಕ್ಸ್‌ಟೆನ್ಷನ್ನುಗಳ ಸಾರ್ವಜನಿಕ ಪುಟ — ನನ್ನ ಅಕ್ಕನಿಗಾಗಿ ಎಂದು ಕೆಳಗೆ ಬರೆದೆ, ಹನ್ನೊಂದು ಸಾವಿರ ಜನ ಹಾಕಿಕೊಂಡರು, ತಂಗಿಯೆಂದರೆ ಹೀಗಿರಬೇಕು ಎಂದು ಯಾರ್‍ಯಾರೋ ಬರೆದರು, ಎಷ್ಟು ಸಲ ಓದಿದ್ದೇನೆ ನಾನು ಅವನ್ನು, ನಾಚಿಕೆಗೇಡು, ಅಕ್ಕನಿಗೆ ಒಂದನ್ನೂ ಓದಿ ಹೇಳಲಿಲ್ಲ. ತಪ್ಪಿದ್ದರೆ ಮಾತು, ಇಲ್ಲದಿದ್ದರೆ ಮೌನ, ಇಷ್ಟೇ ನಿಯಮ, ನನ್ನದೇ ನಿಯಮ. ಹಾಗಾಗಿ ಈಗ ಅಕ್ಕ ಸೇವ್ ಮಾಡುತ್ತಾಳೆ, ಮೌನ ಕೇಳುತ್ತಾಳೆ, ಸರಿಯಿದೆ ಎಂದುಕೊಂಡು ಮುಂದೆ ಹೋಗುತ್ತಾಳೆ. ಗೋಡೆಯ ದೊಡ್ಡ ಪರದೆಯಲ್ಲಿ ಅವಳ ಎಡಿಟರನ್ನು ತೋರಿಸಿದ್ದಾರೆ, ಇಲ್ಲಿಗೇ ಕಾಣುತ್ತಿದೆ, ಒಂದು, ಎರಡು, ನಾಲ್ಕು ಕಡೆ ಕೆಂಪು. ಮೂವರೂ ನೋಡುತ್ತಿದ್ದಾರೆ, ಒಬ್ಬರೂ ಉಸಿರೆತ್ತುತ್ತಿಲ್ಲ, ಪರೀಕ್ಷೆಯಲ್ಲವೇ. ಅಕ್ಕ ಸಣ್ಣಗೆ ನಗುತ್ತಿದ್ದಾಳೆ, ಚೆನ್ನಾಗಿ ನಡೆಯುತ್ತಿದೆ ಎಂಬ ನಗು, ನಾನು ವಾಚಾಳಿಯ ಕೋಡು ತೆರೆಯುತ್ತೇನೆ.

ನಿನ್ನೆಯ ಆವೃತ್ತಿ, ಬೇರೇನಿರಲು ಸಾಧ್ಯ, ನಿನ್ನೆ ಸಂಜೆ ನಾಲ್ಕಕ್ಕೆ ಹೊಸ ಆವೃತ್ತಿ ಪ್ರಕಟಿಸಿದೆ, ಇಂದು ಅವಳ ಮಿಷಿನ್ನು ಎದ್ದೊಡನೆ ತಾನಾಗಿ ಅದನ್ನು ಹಾಕಿಕೊಂಡಿದೆ. ಹೊಸತೆಂದು ಅದರಲ್ಲಿ ಇರುವುದು ಒಂದೇ ಒಂದು ಸೆಕೆಂಡಿನ ಸದ್ದು. ಹೋದ ವರ್ಷವೇ ಕೇಳಿದ್ದಳು, ಪುಟ್ಟೀ, ಸರಿ ಇದ್ರೂ ಒಂದು ಹ್ಞೂಂ ಅನ್ನೋ ಹಾಗೆ ಮಾಡೇ, ಸುಮ್ನಿದ್ರೆ ಬದುಕಿದೆಯೋ ಸತ್ತಿದೆಯೋ ಗೊತ್ತಾಗಲ್ಲ. ಅದೆಲ್ಲ ಮಕ್ಕಳಾಟ ಅಕ್ಕ, ಹನ್ನೊಂದು ಸಾವಿರ ಜನಕ್ಕೆ ಯಾಕೆ ತಲೆಚಿಟ್ಟು ಅಂದಿದ್ದೆ. ಮಕ್ಕಳಾಟವೇ, ಒಂದೇ ಹೊದಿಕೆಯಡಿ ಮಲಗಿ ಕತೆ ಹೇಳುತ್ತಿದ್ದಳು, ನಾನು ಹ್ಞೂಂ ಎನ್ನುತ್ತಿರಬೇಕು, ಹ್ಞೂಂ ನಿಂತರೆ ನಿದ್ದೆ ಹೋದಳೆಂದು ಕತೆ ನಿಲ್ಲಿಸುತ್ತಿದ್ದಳು, ಎಷ್ಟೋ ಸಲ ಸುಮ್ಮನೆ ಬಾಯಿಮುಚ್ಚಿಕೊಂಡಿರುತ್ತಿದ್ದೆ, ಅವಳು ಕತ್ತಲಲ್ಲಿ ಕಾಯುವುದನ್ನು ಕೇಳಿಸಿಕೊಳ್ಳಲಿಕ್ಕೆ. ಪತ್ರ ಬಂದ ಮೇಲೆ ಮನಸ್ಸು ಕಲಕಿತು, ಪರೀಕ್ಷೆಯ ದಿನ ಕೇಳಲಿ, ಆಶ್ಚರ್ಯಪಡಲಿ ಎಂದು ಯಾರಿಗೂ ಹೇಳದೆ ಸ್ಟೋರ್ ರೂಮಿಗೆ ಹೋಗಿ ಫೋನಿಗೆ ಬಾಯಿಟ್ಟು ಹ್ಞೂಂ ಎಂದು ರೆಕಾರ್ಡ್ ಮಾಡಿದೆ, ಏಳು ಸಲ ಮಾಡಿದೆ, ಏಳನೆಯದು ಚೆನ್ನಾಗಿತ್ತು. ಈಗ ಆ ಕೋಡಿನ ಬದಿಯಲ್ಲಿ ಕೆಂಪು ಚುಕ್ಕೆ ಇಡುತ್ತೇನೆ, ಇಲ್ಲಿ ನಿಲ್ಲು ಎನ್ನುವ ಚುಕ್ಕೆ, ಪರೀಕ್ಷಾ ಕಿಟಕಿಯಲ್ಲಿ ಓಡಿಸುತ್ತೇನೆ, ನಿಲ್ಲುತ್ತದೆ, ಒಂದೊಂದೇ ಸಾಲು ಮುಂದೆ ಹೋಗುತ್ತೇನೆ, ಎಲ್ಲ ಸರಿ, ನನ್ನ ಹೆಡ್‌ಫೋನಿನಲ್ಲಿ ನನ್ನದೇ ದನಿ — ಹ್ಞೂಂ. ನನ್ನ ಮಿಷಿನ್ನಿನಲ್ಲಿ ಸರಿಯಿದೆ, ನಮ್ಮ ಕಸುಬಿನವರೆಲ್ಲ ಹೇಳುವ ಮಾತು, ಇದನ್ನು ಹೇಳಿದವರನ್ನು ಅಕ್ಕ ಎಷ್ಟು ಆಡಿಕೊಳ್ಳುತ್ತಿದ್ದಳು, ಹಾಗಾದ್ರೆ ಗಿರಾಕಿಗೆ ನಿನ್ನ ಮಿಷಿನ್ನೇ ಪ್ಯಾಕ್ ಮಾಡಿ ಕಳಿಸು ಅಂತಿದ್ದಳು. ನಿನ್ನೆಯೂ ಕೇಳಿದ್ದಳಲ್ಲ, ಅಂಗಡಿಗೆ ಏನೋ ಹೊಸದು ಹಾಕಿದ್ದೀಯಲ್ಲ, ಅಲ್ಲಿಂದ ಇಳಿಸಿಕೊಂಡು ಒಂದ್ಸಲ ನೋಡಿದೆಯಾ? ನೋಡಿದೆ ಅಕ್ಕ. ನೋಡಿರಲಿಲ್ಲ. ಸುಸ್ತಾಗಿತ್ತು, ಸುಳ್ಳು ಹೇಳಿದೆ, ಅಷ್ಟು ಸುಲಭವಾಗಿ ಬಂತು ಸುಳ್ಳು.

ಈಗ ಇಳಿಸುತ್ತೇನೆ, ಪರಕೀಯಳ ಹಾಗೆ, ಹನ್ನೊಂದು ಸಾವಿರದಲ್ಲಿ ಒಬ್ಬಳ ಹಾಗೆ ನನ್ನದೇ ಸಾಮಾನನ್ನು ಅಂಗಡಿಯಿಂದ ಇಳಿಸುತ್ತೇನೆ, ಬೇಕೆಂದೇ ತಪ್ಪು ಬರೆದು ಸೇವ್ — ಮೌನ. ಇನ್ನೊಮ್ಮೆ — ಮೌನ. ಕೆಂಪು ಚುಕ್ಕೆ ಬಣ್ಣ ಕಳೆದುಕೊಂಡು ಬೂದು ಉಂಗುರವಾಗಿದೆ, ಒಳಗೆ ಟೊಳ್ಳು, ಅಂದರೆ ಆ ಸಾಲಿನವರೆಗೆ ಯಾರೂ ಬರಲೇ ಇಲ್ಲ, ವಾಚಾಳಿ ಹುಟ್ಟುವಾಗಲೇ ಸತ್ತಿದೆ. ದೋಷಗಳ ದಾಖಲೆ ತೆರೆದರೆ ಒಂದೇ ವಾಕ್ಯ, ಧ್ವನಿ ಫೈಲು ಸಿಗಲಿಲ್ಲ. ಹೇಗೆ ಸಿಗುವುದಿಲ್ಲ, ಇದ್ದೇ ಇದೆಯಲ್ಲ — ಅಂಗಡಿಯಿಂದ ಬಂದ ಫೈಲುಗಳ ಪೊಟ್ಟಣ ಬಿಚ್ಚಿ ನೋಡುತ್ತೇನೆ, ಧ್ವನಿ ಎಂಬ ಫೋಲ್ಡರೇ ಇಲ್ಲ. ಗೊತ್ತಾಯಿತು. ಪೊಟ್ಟಣ ಕಟ್ಟುವಾಗ ಏನೇನನ್ನು ಸೇರಿಸಬಾರದು ಎಂದು ಒಂದು ಪಟ್ಟಿ ಇರುತ್ತದೆ, ಅದರಲ್ಲಿ ಧ್ವನಿ ಫೋಲ್ಡರಿನ ಹೆಸರು ಬರೆದವಳು ನಾನೇ, ಎರಡು ವರ್ಷದ ಹಿಂದೆ, ಆಗ ಅದರ ತುಂಬ ಪ್ರಯೋಗಕ್ಕೆ ಮಾಡಿದ ರೆಕಾರ್ಡುಗಳಿದ್ದವು, ಅಕ್ಕ ಕೆಮ್ಮಿದ್ದು, ಅಕ್ಕ ನಕ್ಕಿದ್ದು, ಸಾಕು ನಿಲ್ಸೇ ಕೋತಿ ಎಂದು ಬೈದದ್ದು, ಅವೆಲ್ಲ ಊರವರ ಕೈಗೆ ಯಾಕೆ ಎಂದು ಹೊರಗಿಟ್ಟಿದ್ದೆ. ನಿನ್ನೆ ಹ್ಞೂಂ ಅನ್ನು ಅದೇ ಫೋಲ್ಡರಿಗೆ ಹಾಕಿದೆ. ನನ್ನ ಮಿಷಿನ್ನಿನಲ್ಲಿ ಅದು ಇದೆ, ಲೋಕದಲ್ಲಿ ಇಲ್ಲ. ಪಟ್ಟಿಯ ಆ ಸಾಲು ಅಳಿಸುತ್ತೇನೆ, ಆವೃತ್ತಿಯ ಅಂಕಿ ಒಂದು ಏರಿಸುತ್ತೇನೆ, ಪೊಟ್ಟಣ ಕಟ್ಟುತ್ತೇನೆ, ಪ್ರಕಟಿಸು — ಪರಿಶೀಲನೆ ನಡೆಯುತ್ತಿದೆ, ಸುತ್ತುವ ಚಕ್ರ, ಹನ್ನೊಂದು ಇಪ್ಪತ್ತು, ಪರಿಶೀಲನೆ ನಡೆಯುತ್ತಿದೆ, ನಿನ್ನೆ ಪೊಟ್ಟಣದಲ್ಲಿ ಅರ್ಧ ಇಲ್ಲದಾಗ ಅಂಗಡಿಯವರು ಎರಡೇ ನಿಮಿಷದಲ್ಲಿ ಪರಿಶೀಲಿಸಿ ಬಿಟ್ಟರಲ್ಲ, ಇವತ್ತೇ ಬೇಕಿತ್ತೇ ಈ ನಿಯತ್ತು, ಹನ್ನೊಂದು ಇಪ್ಪತ್ತೆಂಟು, ಬೆರಳು ಆ ಗೆರೆಯ ಮೇಲೆ ಬಂದು ನಿಂತು ಮತ್ತೆ ಹೊರಟಿತು. ಗೋಡೆಯಲ್ಲಿ ಕೆಂಪು ಈಗ ಏಳು ಕಡೆ. ಹನ್ನೊಂದು ಮೂವತ್ತೊಂದಕ್ಕೆ ಹಸಿರು ಗುರುತು.

ಬಂತು, ಅವಳ ಮಿಷಿನ್ನಿಗೂ ಬಂತು, ಗೋಡೆಯ ಪರದೆಯ ಬಲಮೂಲೆಯಲ್ಲಿ ಒಂದು ಚೀಟಿ ಎದ್ದಿತು, ಹೊಸ ಆವೃತ್ತಿ ಬಂದಿದೆ, ಎಡಿಟರನ್ನು ಮರುತೆರೆಯಲು ಇಲ್ಲಿ ಒತ್ತಿ. ಚೀಟಿ. ಕಾಣುವವರಿಗಾಗಿ ಚೀಟಿ. ಒಣದನಿ ಆ ಮೂಲೆಯನ್ನು ಓದುವುದಿಲ್ಲ, ಓದಬೇಕಾದ ವಾಚಾಳಿ ಸತ್ತಿದೆ, ಅದು ಬದುಕಬೇಕಾದರೆ ಆ ಚೀಟಿಯನ್ನು ಒತ್ತಬೇಕು. ಆಯ್ತಾಯ್ತು ಅದನ್ನೇ ನೋಡುತ್ತಿದ್ದಾರೆ, ಒತ್ತಿ ಅಂತ ಹೇಳಬಾರದೇ ಮಹಾರಾಯ, ನಾಲಿಗೆ ಸವೆಯುತ್ತದೆಯೇ, ಹೇಳುವುದಿಲ್ಲ, ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದಾರೆ. ಅಕ್ಕನ ಫೋನು ಹೊರಗಿನ ಟ್ರೇಯಲ್ಲಿದೆ. ಅಕ್ಕ ಕುರ್ಚಿಯಲ್ಲಿ ಹಿಂದಕ್ಕೆ ಒರಗುತ್ತಾಳೆ, ದನಿ ಸಂದಿಯಿಂದ ಸ್ಪಷ್ಟವಾಗಿ ಬರುತ್ತದೆ, ಮುಗೀತು ಸರ್, ಎಲ್ಲಾ ನೋಡಿದೆ, ಒಂದೂ ತಪ್ಪಿಲ್ಲ. ಹೆಮ್ಮೆ, ಆ ದನಿಯಲ್ಲಿ, ನಾನು ಕಾಲೇಜು ಸೇರಿದ ದಿನ ಎಲ್ಲರಿಗೂ ನನ್ನ ತಂಗಿ ಅಂತ ಹೇಳಿಕೊಂಡು ತಿರುಗಿದ್ದಳಲ್ಲ, ಅದೇ ಹೆಮ್ಮೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೋಗಬಾರದು, ಹೋದರೆ ಅವರು ಅಂದದ್ದೇ ನಿಜವಾಗುತ್ತದೆ, ಹೋಗದಿದ್ದರೆ ನನ್ನ ಸುಳ್ಳು ಅವಳ ತಪ್ಪಾಗಿ ಅವರ ಹಾಳೆಯಲ್ಲಿ ಕೂರುತ್ತದೆ, ಹನ್ನೆರಡು ಹೆಜ್ಜೆ ಹೇಗೆ ನಡೆದೆನೋ, ಬಾಗಿಲು ತಳ್ಳಿದೆ, ನನ್ನ ಎಕ್ಸ್‌ಟೆನ್ಷನ್ ಕೆಟ್ಟಿದೆ ಸರ್, ತಪ್ಪು ನನ್ನದು, ನಿನ್ನೆ ಪರೀಕ್ಷೆ ಮಾಡದೆ ಪ್ರಕಟಿಸಿದೆ, ಅವರಿಗೆ ತಪ್ಪುಗಳು ಕೇಳಿಸ್ತಾನೇ ಇಲ್ಲ. ಅಕ್ಕನ ಮುಖ ನನ್ನ ದನಿ ಬಂದ ಕಡೆ ತಿರುಗಿ ಅಲ್ಲೇ ನಿಂತಿತು. ನೋಡಿದೆ ಅಂದಿದ್ಯಲ್ಲ ಅಂದಳು. ಅಷ್ಟೇ ಅಂದಳು. ಚೀಟಿಯನ್ನು ಒತ್ತಿದೆ, ಕನ್ನಡಕದವರು ಗಡಿಯಾರ ನೋಡಿ, ಹನ್ನೆರಡು ನಿಮಿಷ ಇದೆ, ಅವರೊಬ್ಬರೇ ಮಾಡ್ಲಿ, ನೀವು ಹೊರಗಿರಿ ಅಂದರು. ಹೊರಡು ಪುಟ್ಟೀ ಅಂದಳು ಅಕ್ಕ, ದನಿ ಗಟ್ಟಿಯಾಗಿರಲಿಲ್ಲ. ಬಂದುಬಿಟ್ಟೆ, ಸದ್ದಿಲ್ಲದೆ, ಬಾಗಿಲಿನ ಈಚೆ ನಿಂತಿದ್ದೇನೆ.

ಸೇವ್. ವಾಚಾಳಿ ಬಾಯಿಬಿಟ್ಟಿತು, ಸಾಲು ಹದಿನಾಲ್ಕು, ಸಾಲು ಮೂವತ್ತು, ಸಾಲು ಮೂವತ್ತೆಂಟು — ಅಕ್ಕನ ಬೆರಳು ಹೊರಟಿತು, ಯಾರ ಹಂಗೂ ಇಲ್ಲದ ಬೆರಳು, ಏಳು ಐದಾಯಿತು, ಐದು ಎರಡಾಯಿತು, ಸಿಬ್ಬಂದಿ ವಿಭಾಗದ ಹೆಂಗಸು ಮುಂದಕ್ಕೆ ಬಾಗಿ ನೋಡುತ್ತಿದ್ದಾರೆ, ಪೆನ್ನಿನ ಮುಚ್ಚಳದ ಆಟ ನಿಂತಿದೆ, ಇದನ್ನು ನೋಡಲಿ, ಕಾಫಿ ಮಿಷಿನ್ನಿನ ಪಕ್ಕ ನಿಂತವರೆಲ್ಲ ಬಂದು ನೋಡಲಿ, ಒಂದಾಯಿತು, ಏಳು ನಿಮಿಷವೂ ಆಗಿಲ್ಲ, ಗೋಡೆಯಲ್ಲಿ ಕೆಂಪು ಎಲ್ಲೂ ಇಲ್ಲ, ಬೆರಳು ಮನೆ ಸೇರಿದ ಹಾಗೆ ಆ ಪುಟ್ಟ ಗೆರೆಯ ಮೇಲೆ ಬಂದು ಕೂತಿತು, ಸೇವ್ — ಮತ್ತು ನನಗೆ ಆಗ, ಆಗ ಮಾತ್ರ ನೆನಪಾಯಿತು, ಬೇಡ, ಬೇಡ — ಹ್ಞೂಂ ಅಂದಿತು. ನನ್ನ ದನಿ, ಅವಳ ಕಿವಿಯ ಪಕ್ಕದಲ್ಲೇ, ಏಳನೆಯ ಸಲದ ಚೆಂದದ ಹ್ಞೂಂ. ಕನ್ನಡಕದವರು ತಲೆಯೆತ್ತಿದರು. ಇದೂ ತಂಗಿಯವರದೇ ದನಿ ಅಲ್ವಾ ಎಂದು ಹೆಂಗಸು ನಕ್ಕರು, ಕೆಟ್ಟ ಮನಸ್ಸಿನಿಂದಲ್ಲ, ಆಯ್ತಾಯ್ತು ಏನೋ ಬರೆದುಕೊಂಡರು. ಅಕ್ಕ ನಗಲಿಲ್ಲ. ನಾನೇ ಪಕ್ಕ ನಿಂತು ಹ್ಞೂಂ ಅಂದೆನೆಂದು ಪಕ್ಕದ ಖಾಲಿ ಕುರ್ಚಿಯ ಕಡೆ ಮುಖ ತಿರುಗಿಸಿದಳು, ಹೊರಗೆ ಹೋಗು ಅಂದಿದ್ನಲ್ಲೇ, ಇನ್ನೂ ಇಲ್ಲೇ ನಿಂತಿದ್ದೀಯಾ ನೀನು, ಅಂದಳು ಕುರ್ಚಿಗೆ. ಬಾಗಿಲ ಈಚೆ ನನ್ನ ಬಾಯಿ ತೆರೆದೇ ಇದೆ, ಇಲ್ಲ ಅಕ್ಕ ಅನ್ನಬೇಕು, ಅಂದರೆ ಇಲ್ಲೇ ಇದ್ದೇನೆಂದಾಗುತ್ತದೆ, ಅನ್ನದಿದ್ದರೆ ಅವಳು ಕಾಯುತ್ತಾಳೆ, ಕಾಯುತ್ತಿದ್ದಾಳೆ, ಕತೆಯ ನಡುವೆ ಕಾದ ಹಾಗೆ, ಬೆರಳು ಗೆರೆಯಿಂದ ಮೇಲೆದ್ದಿದೆ, ಕೆಳಗಿಳಿಯುತ್ತಿಲ್ಲ, ಆ ಬೆರಳು, ಗಾಳಿಯಲ್ಲಿ, ಗೆರೆಗಿಂತ ಒಂದಿಂಚು ಮೇಲೆ, ಆ ಬೆರಳು